ಹಿಡಿದ ಬಿಂದು ಬೆರಳಿನಡಿಯಲ್ಲೇ ಇರಬೇಕು: ಪರದೆಯೊಳಗೆ ಒಂದು ಸೈಕಲ್ ಪಂಪ್ ಬಿಚ್ಚಿ ಜೋಡಿಸಿದ ದಾಖಲೆ

ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪಿನೊಳಗೆ ಬಟ್ಟಲಿನ ಆಕಾರದ ಒಂದು ವಾಷರ್ ಇರುತ್ತದೆ. ಹಿಡಿಕೆಯನ್ನು ಒತ್ತಿದಾಗ ಅದರ ಅಂಚು ಅರಳಿ ನಳಿಗೆಯ ಒಳಗೋಡೆಗೆ ಬಿಗಿಯಾಗಿ ಕೂರುತ್ತದೆ. ಗಾಳಿಗೆ ಟ್ಯೂಬಿನ ಕಡೆ ಹೋಗದೆ ಬೇರೆ ದಾರಿ ಇರುವುದಿಲ್ಲ. ಎಳೆದಾಗ ಅದೇ ಅಂಚು ಸಡಿಲಗೊಂಡು ಗಾಳಿಯನ್ನು ಪಕ್ಕದಿಂದ ಒಳಗೆ ಬಿಡುತ್ತದೆ. ಒಂದು ಚೂರು ರಬ್ಬರ್ ಪಿಸ್ಟನ್ನೂ ಆಯಿತು, ಕವಾಟವೂ ಆಯಿತು. ಪುಸ್ತಕದ ಸೀಳುಚಿತ್ರ ನೋಡಿದವರಿಗೆ ಇದು ಅರ್ಧ ಅರ್ಥವಾಗುತ್ತದೆ. ವಾಷರನ್ನು ಹೊರತೆಗೆದು ಎರಡು ಬೆರಳಿನ ನಡುವೆ ತಿರುಗಿಸಿ ನೋಡಿದವರಿಗೆ ಪೂರ್ತಿ ಅರ್ಥವಾಗುತ್ತದೆ.

ಹಾಗಾದರೆ ಪರದೆಯೊಳಗೇ ಅದನ್ನು ತಿರುಗಿಸಿ ನೋಡುವಂತೆ ಮಾಡಬಹುದಲ್ಲ ಎಂದು ಈ ಕೆಲಸಕ್ಕೆ ಕೈ ಹಾಕಿದೆ. ನಳಿಗೆ, ಮುಚ್ಚಳ, ಕಡ್ಡಿ, ಹಿಡಿಕೆ, ವಾಷರ್, ವಾಷರನ್ನು ಹಿಡಿದಿಡುವ ನಟ್, ಗಾಳಿ ಹೋಗುವ ಕೊಳವೆ: ಒಟ್ಟು ಏಳು ಭಾಗಗಳು. ಬ್ರೌಸರಿನಲ್ಲಿ ಮೂರು ಆಯಾಮದ ದೃಶ್ಯ ಮೂಡಿಸುವ ತ್ರೀ.ಜೆಎಸ್ ಎಂಬ ಕೋಡ್ ಸಂಗ್ರಹ ಬಳಸಿ ಮೊದಲು ಮೌಸ್ ಮತ್ತು ಬೆರಳಿಗೆ, ಆಮೇಲೆ ವಿಆರ್ ಹೆಡ್‌ಸೆಟ್ಟಿಗೆ. ಮಾದರಿಗಳನ್ನು ತಯಾರಿಸಲು ನಾಲ್ಕು ಸಂಜೆ ಸಾಕಾಯಿತು. ಅವುಗಳನ್ನು ಸರಿಯಾಗಿ ಹಿಡಿಯುವಂತೆ ಮಾಡಲು ಮೂರು ತಿಂಗಳು ಬೇಕಾಯಿತು. ಈ ದಾಖಲೆ ಆ ಮೂರು ತಿಂಗಳದ್ದು.

ಮುಟ್ಟುವುದು

ಪರದೆ ಚಪ್ಪಟೆ, ದೃಶ್ಯಕ್ಕೆ ಆಳವಿದೆ. ಬೆರಳು ಮುಟ್ಟಿದ ಚುಕ್ಕೆ ಒಳಗೆ ಯಾವ ವಸ್ತುವಿಗೆ ಸೇರಿದ್ದು ಎಂದು ತಿಳಿಯಲು ಕ್ಯಾಮೆರಾದಿಂದ ಆ ಚುಕ್ಕೆಯ ಮೂಲಕ ಒಂದು ಕಿರಣವನ್ನು ಒಳಗೆ ಕಳುಹಿಸಬೇಕು. ಅದು ಮೊದಲು ತಾಗಿದ್ದೇ ನಮ್ಮ ವಸ್ತು. ತ್ರೀ.ಜೆಎಸ್‌ನಲ್ಲಿ ಈ ಕೆಲಸಕ್ಕೆ ರೇಕ್ಯಾಸ್ಟರ್ ಇದೆ. ಅದಕ್ಕೆ ಕೊಡುವ ಚುಕ್ಕೆ ಪಿಕ್ಸೆಲ್ ಲೆಕ್ಕದಲ್ಲಿರಬಾರದು, −1ರಿಂದ 1ರವರೆಗಿನ ಅಳತೆಗೆ ಇಳಿಸಿರಬೇಕು. 800 ಅಗಲ, 600 ಎತ್ತರದ ಕ್ಯಾನ್ವಾಸಿನಲ್ಲಿ (ಪುಟದಲ್ಲಿ ದೃಶ್ಯ ಮೂಡುವ ಚೌಕಟ್ಟು) ಎಡದಿಂದ 600, ಮೇಲಿನಿಂದ 150 ಪಿಕ್ಸೆಲ್ ದೂರದ ಚುಕ್ಕೆ 0.5, 0.5 ಆಗುತ್ತದೆ. ಪಿಕ್ಸೆಲ್ ಎಣಿಕೆ ಮೇಲಿನಿಂದ ಕೆಳಗೆ ಹೋಗುತ್ತದೆ, ಇಲ್ಲಿ ಕೆಳಗಿನಿಂದ ಮೇಲೆ. ಆದ್ದರಿಂದ ಲಂಬ ಅಳತೆಯ ಚಿಹ್ನೆಯನ್ನು ತಿರುಗಿಸಬೇಕು.

ನನ್ನ ಮೊದಲ ತಪ್ಪು ಇಲ್ಲೇ ಇತ್ತು. ಕ್ಯಾನ್ವಾಸಿನ ಅಳತೆಯ ಬದಲು ಇಡೀ ಕಿಟಕಿಯ ಅಳತೆಯಿಂದ ಭಾಗಿಸಿದ್ದೆ. ಪುಟದ ಮೇಲ್ತುದಿಯಲ್ಲಿ ಒಂದು ಪಟ್ಟಿ ಇದ್ದುದರಿಂದ ವಾಷರ್ ಮುಟ್ಟಿದರೆ ಅದರ ಕೆಳಗಿನ ನಟ್ ಎದ್ದು ಬರುತ್ತಿತ್ತು. ಕ್ಯಾನ್ವಾಸಿನ ನಿಜವಾದ ಎಡ ಮತ್ತು ಮೇಲಂಚುಗಳನ್ನು ಪ್ರತಿ ಬಾರಿಯೂ ಕೇಳಿ ಪಡೆದು ಕಳೆದ ಮೇಲೆ ಸರಿಹೋಯಿತು.

ಎರಡನೆಯದು ನಿಧಾನಗತಿ. ಒಳಗಿನ ಆಕಾರಗಳೆಲ್ಲ ಸಣ್ಣ ತ್ರಿಕೋನಗಳಿಂದ ಕಟ್ಟಿದವು. ಕಿರಣ ಒಂದು ತ್ರಿಕೋನವನ್ನು ತಾಗುತ್ತದೆಯೇ ಎಂದು ನೋಡಲು 1997ರಲ್ಲಿ ಮೊಲ್ಲರ್ ಮತ್ತು ಟ್ರಂಬೋರ್ ಕೊಟ್ಟ ವಿಧಾನ ಬಹಳ ಚುರುಕಾದದ್ದು, ಆದರೆ ನಟ್ಟಿನ ಒಳಗಿನ ತಿರುಪು ಗೀರನ್ನು ಸುರುಳಿ ಸುರುಳಿಯಾಗಿ ಕೊರೆದು ಸಾವಿರಾರು ತ್ರಿಕೋನ ಮಾಡಿಟ್ಟರೆ ಮೌಸ್ ಅಲುಗಿದಾಗಲೆಲ್ಲ ಅಷ್ಟನ್ನೂ ಪರೀಕ್ಷಿಸಬೇಕಾಗುತ್ತದೆ. ಪ್ರತಿ ಭಾಗಕ್ಕೂ ಕಣ್ಣಿಗೆ ಕಾಣದ ಸರಳ ಕವಚವೊಂದನ್ನು ತೊಡಿಸಿದೆ: ನಟ್ಟಿಗೆ ಆರು ಮುಖದ ಒಂದು ತುಂಡು, ಕಡ್ಡಿಗೆ ಒಂದು ಉರುಳೆ. ಕಿರಣ ಕವಚವನ್ನು ಮಾತ್ರ ನೋಡುತ್ತದೆ. ಇದರಿಂದ ಇನ್ನೊಂದು ಲಾಭವೂ ಸಿಕ್ಕಿತು. ಕಡ್ಡಿ ತೆಳ್ಳಗಿದ್ದು ಬೆರಳಿಗೆ ಸಿಗುತ್ತಲೇ ಇರಲಿಲ್ಲ; ಕವಚವನ್ನು ಮೂರು ಪಟ್ಟು ದಪ್ಪ ಮಾಡಿದೆ. ಗುರಿ ದೊಡ್ಡದಾದಷ್ಟೂ ತಲುಪುವ ಹೊತ್ತು ಕಡಿಮೆ ಎಂದು ಪಾಲ್ ಫಿಟ್ಸ್ 1954ರಲ್ಲೇ ಅಳೆದು ತೋರಿಸಿದ್ದರು. ಬೆರಳಿನ ಕೆಲಸದಲ್ಲಿ ಆ ಮಾತು ಪ್ರತಿ ನಿಮಿಷವೂ ನಿಜವಾಗುತ್ತದೆ.

ಎಳೆಯುವುದು

ಕಡ್ಡಿಯನ್ನು ಮುಟ್ಟಿ ಎಳೆಯುವಂತಾದ ದಿನ ಅಕ್ಕನ ಮಗಳು ಪಕ್ಕದಲ್ಲಿ ಕುಳಿತಿದ್ದಳು. ಅವಳಿಗೆ ಹನ್ನೊಂದು ವರ್ಷ. ಕಡ್ಡಿಯ ತುದಿಯನ್ನು ಮುಟ್ಟಿದಳು. ತಕ್ಷಣ ಕಡ್ಡಿ ಹಾರಿ ತನ್ನ ನಡುಭಾಗವನ್ನು ಬೆರಳಿನ ಕೆಳಗೆ ತಂದಿಟ್ಟಿತು.

"ಚಿಕ್ಕಮ್ಮಾ, ನಾನು ಹಿಡಿದದ್ದು ತುದಿಯನ್ನು. ಅದು ನಡುವನ್ನು ಏಕೆ ಕೊಟ್ಟಿತು?"

ಈ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿದೆ. ಮುಂದೆ ಬಂದ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇದೇ ಪ್ರಶ್ನೆಯ ಬೇರೆ ಬೇರೆ ರೂಪಗಳು. ಹಿಡಿಯುವವರಿಗೂ ವಸ್ತುವಿಗೂ ಹಿಡಿದ ಕ್ಷಣದಲ್ಲಿ ಒಂದು ಒಪ್ಪಂದವಾಗುತ್ತದೆ: ನೀನು ಮುಟ್ಟಿದ ಬಿಂದು ನೀನು ಬಿಡುವವರೆಗೂ ನಿನ್ನ ಬೆರಳಿನ ಕೆಳಗೇ ಇರುತ್ತದೆ. ಇದು ಮುರಿದ ಕ್ಷಣ ಕೈಯಲ್ಲಿ ವಸ್ತುವಿದೆ ಎಂಬ ನಂಬಿಕೆ ಹೋಗುತ್ತದೆ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಆ ನಷ್ಟವನ್ನು ತುಂಬಿಕೊಡಲಾರದು.

ತಿದ್ದುವುದು ಸುಲಭವಿತ್ತು. ಹಿಡಿದಾಗ ಕಿರಣ ತಾಗಿದ ಬಿಂದುವಿಗೂ ವಸ್ತುವಿನ ಮೂಲಬಿಂದುವಿಗೂ ಇರುವ ಅಂತರವನ್ನು ಬರೆದಿಟ್ಟುಕೊಂಡು, ಎಳೆಯುವಾಗ ಪ್ರತಿ ಬಾರಿಯೂ ಅದನ್ನು ಸೇರಿಸಿದರೆ ಮುಗಿಯಿತು.

ಆದರೆ ಎಳೆಯುವುದು ಎಲ್ಲಿಗೆ? ಮೌಸ್ ಎರಡು ದಿಕ್ಕಿನಲ್ಲಿ ಚಲಿಸುತ್ತದೆ, ವಸ್ತುವಿಗೆ ಮೂರು ದಿಕ್ಕು ಇದೆ. ಒಂದನ್ನು ಯಾರಾದರೂ ಬಿಟ್ಟುಕೊಡಬೇಕು. ಮೊದಲು ಮೇಜಿನ ಮಟ್ಟದ ಸಮತಲವನ್ನು ಆರಿಸಿಕೊಂಡೆ: ಕಿರಣ ಆ ಸಮತಲವನ್ನು ಎಲ್ಲಿ ಕತ್ತರಿಸುತ್ತದೆಯೋ ವಸ್ತು ಅಲ್ಲಿ. ಮೇಲಿನಿಂದ ನೋಡುವಾಗ ಬೆಣ್ಣೆಯಂತೆ ಸಾಗುತ್ತದೆ. ಕ್ಯಾಮೆರಾವನ್ನು ಓರೆ ಮಾಡಿದರೆ ವಾಷರ್ ಗೋಡೆ ದಾಟಿ ಮಾಯವಾಗುತ್ತಿತ್ತು. ಕಾಗದದ ಮೇಲೆ ಲೆಕ್ಕ ಮಾಡಿ ನೋಡಿದ ಮೇಲೆ ಕಾರಣ ಸ್ಪಷ್ಟವಾಯಿತು. ಕ್ಯಾಮೆರಾ ಸಮತಲದಿಂದ 1.5 ಮೀಟರ್ ಮೇಲಿದೆ ಎನ್ನಿ. 45 ಡಿಗ್ರಿ ಕೆಳಗೆ ನೋಡುವ ಕಿರಣ 1.5 ಮೀಟರ್ ದೂರದಲ್ಲಿ ಇಳಿಯುತ್ತದೆ. ಅದನ್ನು ಒಂದು ಡಿಗ್ರಿ ಎತ್ತಿದರೆ ಸುಮಾರು 5 ಸೆಂಟಿಮೀಟರ್ ಮುಂದೆ ಹೋಗುತ್ತದೆ. 5 ಡಿಗ್ರಿ ಕೆಳಗೆ ನೋಡುವ ಕಿರಣ ಇಳಿಯುವುದು 17 ಮೀಟರ್ ಆಚೆ. ಅಲ್ಲಿ ಅದೇ ಒಂದು ಡಿಗ್ರಿಗೆ 4 ಮೀಟರಿಗೂ ಹೆಚ್ಚು ಜಿಗಿತ. ದಿಗಂತಕ್ಕಿಂತ ಮೇಲೆ ಹೋದರೆ ಕಿರಣ ಸಮತಲವನ್ನು ತಾಗುವುದೇ ಇಲ್ಲ.

ಈಗಿರುವ ವ್ಯವಸ್ಥೆ ಹೀಗಿದೆ: ಹಿಡಿದ ಕ್ಷಣದಲ್ಲಿ ನೋಟದ ಕಿರಣ ಮೇಜಿನ ಸಮತಲದೊಂದಿಗೆ 15 ಡಿಗ್ರಿಗಿಂತ ಕಡಿಮೆ ಕೋನ ಮಾಡುತ್ತಿದ್ದರೆ, ಹಿಡಿದ ಬಿಂದುವಿನ ಮೂಲಕ ಹಾಯುವ, ಕ್ಯಾಮೆರಾಕ್ಕೆ ಎದುರಾಗಿ ನಿಂತ ಲಂಬ ಸಮತಲದ ಮೇಲೆ ಎಳೆಯುತ್ತೇನೆ, ಇಲ್ಲವಾದರೆ ಮೇಜಿನ ಸಮತಲ. ಒಮ್ಮೆ ಆರಿಸಿದ ಸಮತಲ ಬಿಡುವವರೆಗೂ ಬದಲಾಗದು. ನಡುವೆ ಬದಲಿಸಲು ಹೋಗಿ ಎರಡು ದಿನ ಕಳೆದುಕೊಂಡೆ. ಬದಲಾಗುವ ಫ್ರೇಮಿನಲ್ಲಿ ವಸ್ತು ಜಿಗಿಯದಂತೆ ಮಾಡಲು ಯಾವ ದಾರಿಯೂ ಸಮಾಧಾನ ಕೊಡಲಿಲ್ಲ.

ಕ್ಯಾನ್ವಾಸಿನ ಹೊರಗೆ ಬೆರಳು ಜಾರಿದಾಗ ವಸ್ತು ಕೈಗೆ ಅಂಟಿಕೊಂಡೇ ಉಳಿಯುವ ತೊಂದರೆ ಎಲ್ಲರಿಗೂ ಬರುತ್ತದೆ. ಒತ್ತಿದ ಕೂಡಲೇ ಸೆಟ್‌ಪಾಯಿಂಟರ್‌ಕ್ಯಾಪ್ಚರ್ ಕರೆದು ಬೆರಳಿನ ಚಲನೆಯೆಲ್ಲ ಕ್ಯಾನ್ವಾಸಿಗೇ ತಿಳಿಯುವಂತೆ ಮಾಡಬೇಕು, ಪಾಯಿಂಟರ್‌ಕ್ಯಾನ್ಸಲ್ (ಮುಟ್ಟು ರದ್ದಾಯಿತೆಂಬ ಬ್ರೌಸರಿನ ಸೂಚನೆ) ಬಂದರೂ ಬಿಟ್ಟಂತೆಯೇ ನಡೆದುಕೊಳ್ಳಬೇಕು, ಕ್ಯಾನ್ವಾಸಿನ ಶೈಲಿಯಲ್ಲಿ ಟಚ್-ಆ್ಯಕ್ಷನ್‌ಗೆ ನನ್ (ಏನೂ ಬೇಡ) ಎಂದು ಕೊಡಬೇಕು. ಕೊನೆಯದನ್ನು ಮರೆತರೆ ಮೊಬೈಲಿನಲ್ಲಿ ವಸ್ತುವಿನ ಬದಲು ಪುಟವೇ ಸರಿಯುತ್ತದೆ.

ಕಡ್ಡಿಯ ದಾರಿ

ಪಿಸ್ಟನ್ ಕಡ್ಡಿ ನಳಿಗೆಯೊಳಗೆ ಇರುವಾಗ ಎಲ್ಲೆಂದರಲ್ಲಿ ಹೋಗುವಂತಿಲ್ಲ, ಒಂದೇ ಅಕ್ಷದ ಮೇಲೆ ಸಾಗಬೇಕು. 1963ರಲ್ಲಿ ಐವನ್ ಸದರ್ಲೆಂಡ್ ಮಾಡಿದ, ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಸ್ಕೆಚ್‌ಪ್ಯಾಡಿನಲ್ಲೇ ಈ ತಿಳಿವಳಿಕೆ ಇತ್ತು: ಬಳಸುವವರು ಬೆಳಕಿನ ಪೆನ್ನಿನಿಂದ ಒರಟಾಗಿ ಗೆರೆ ಎಳೆದು ನಿಬಂಧನೆ ಹೇಳಿದರೆ, ಗೆರೆಗಳನ್ನು ಸಮಾಂತರ ಮಾಡುವ ಹೊಣೆ ಯಂತ್ರದ್ದು. ಕೈ ಒರಟಾಗಿರಲಿ, ನಿಖರತೆ ನಿಬಂಧನೆಯಿಂದ ಬರಲಿ.

ನೋಟದ ಕಿರಣ ಮತ್ತು ಕಡ್ಡಿಯ ಅಕ್ಷ ಸಾಮಾನ್ಯವಾಗಿ ಒಂದನ್ನೊಂದು ಕತ್ತರಿಸುವುದಿಲ್ಲ, ಪಕ್ಕದಲ್ಲಿ ಹಾದುಹೋಗುತ್ತವೆ. ಆದ್ದರಿಂದ ಅಕ್ಷದ ಮೇಲೆ ಕಿರಣಕ್ಕೆ ಅತಿ ಹತ್ತಿರವಿರುವ ಬಿಂದುವನ್ನು ಹುಡುಕಬೇಕು. ಆ ಸೂತ್ರದ ಛೇದದಲ್ಲಿ ಒಂದರಿಂದ ಎರಡು ದಿಕ್ಕುಗಳ ನಡುವಿನ ಕೋನದ ಕೊಸೈನ್ ವರ್ಗವನ್ನು ಕಳೆದ ಬೆಲೆ ಇರುತ್ತದೆ. ಕಡ್ಡಿ ನೇರ ನಮ್ಮ ಕಣ್ಣಿನ ಕಡೆಗೆ ಚಾಚಿದ್ದರೆ, ಕೋನ 10 ಡಿಗ್ರಿಗೆ ಬಂದಾಗ ಆ ಬೆಲೆ 0.03ಕ್ಕೆ ಕುಸಿಯುತ್ತದೆ, ಕಡ್ಡಿ ಹುಚ್ಚು ಹಿಡಿದಂತೆ ಒಳಗೆ ಹೊರಗೆ ಓಡುತ್ತದೆ. ಗಣಿತವನ್ನು ಒತ್ತಾಯಿಸಿ ಪ್ರಯೋಜನವಿಲ್ಲ. ಆ ನೋಟದಲ್ಲಿ ಅಕ್ಷದ ಗುಂಟ ಎಳೆಯುವ ಬಾಣವನ್ನು ಮಸುಕು ಮಾಡಿ ಹಿಡಿಯಲು ಬಾರದಂತೆ ಮಾಡಿದೆ. ಜನ ತಾವಾಗಿಯೇ ಕ್ಯಾಮೆರಾವನ್ನು ತುಸು ತಿರುಗಿಸಿಕೊಳ್ಳುತ್ತಾರೆ.

ತಿರುಗಿಸುವುದು

ಎಲ್ಲಕ್ಕಿಂತ ಹೆಚ್ಚು ದುಡಿದದ್ದು ಇಲ್ಲಿ. ಮೂರು ಅಕ್ಷಕ್ಕೆ ಮೂರು ಕೋನ ಇಟ್ಟುಕೊಂಡು ಶುರು ಮಾಡಿದೆ. ವಾಷರನ್ನು ನೆಟ್ಟಗೆ ನಿಲ್ಲಿಸಿದ ಕೂಡಲೇ, ಅಂದರೆ ನಡುವಿನ ಕೋನ 90 ಡಿಗ್ರಿಗೆ ಬಂದಾಗ, ಉಳಿದ ಎರಡು ಕೋನಗಳೂ ಅದನ್ನು ಒಂದೇ ರೀತಿ ತಿರುಗಿಸತೊಡಗಿದವು. ಒಂದು ದಿಕ್ಕು ಕಳೆದುಹೋಯಿತು. ಇದೇ ಗಿಂಬಲ್ ಲಾಕ್. ಇದಕ್ಕೆ ಪರಿಹಾರ ಕ್ವಾಟರ್ನಿಯನ್. 1843ರ ಅಕ್ಟೋಬರ್ 16ರಂದು ಡಬ್ಲಿನ್ನಿನ ಕಾಲುವೆ ದಡದಲ್ಲಿ ನಡೆಯುತ್ತಿದ್ದ ವಿಲಿಯಂ ರೋವನ್ ಹ್ಯಾಮಿಲ್ಟನ್ ಅವರಿಗೆ ಹೊಳೆದ ನಾಲ್ಕು ಸಂಖ್ಯೆಗಳ ಗಣಿತ. ಅದರಲ್ಲಿ ತಿರುಗುವಿಕೆ ಎಂದರೆ ಒಂದು ಅಕ್ಷ, ಅದರ ಸುತ್ತ ಒಂದು ಕೋನ, ಅಷ್ಟೇ. ಸಿಕ್ಕಿಹಾಕಿಕೊಳ್ಳುವ ಜಾಗ ಅಲ್ಲಿಲ್ಲ.

ಮೌಸಿನ ಚಲನೆಯಿಂದ ಕ್ವಾಟರ್ನಿಯನ್ ಪಡೆಯುವ ಅತ್ಯಂತ ಸೊಗಸಾದ ದಾರಿ ಆರ್ಕ್‌ಬಾಲ್. ಕೆನ್ ಶೂಮೇಕ್ 1992ರಲ್ಲಿ ಅದನ್ನು ವಿವರಿಸಿದರು. ವಸ್ತುವಿನ ಸುತ್ತ ಕಾಣದ ಗೋಳವೊಂದಿದೆ ಎಂದುಕೊಳ್ಳಿ. ಬೆರಳು ಗೋಳದ ಒಂದು ಬಿಂದುವನ್ನು ಮುಟ್ಟಿ ಇನ್ನೊಂದಕ್ಕೆ ಎಳೆಯುತ್ತದೆ. ಗೋಳ ಆ ಕಮಾನಿನ ದಿಕ್ಕಿನಲ್ಲಿ ತಿರುಗುತ್ತದೆ. ಶೂಮೇಕ್ ವಿಧಾನದಲ್ಲಿ ವಸ್ತು ಕಮಾನಿನ ಕೋನದ ಎರಡರಷ್ಟು ತಿರುಗುತ್ತದೆ. ಅದಕ್ಕೆ ಬಲವಾದ ಕಾರಣವಿದೆ: ಸಣ್ಣ ಸಣ್ಣ ಎಳೆತಗಳನ್ನು ಒಂದರ ಮೇಲೊಂದು ಸೇರಿಸಿದರೂ, ಮೊದಲ ಬಿಂದುವಿನಿಂದ ಕೊನೆಯ ಬಿಂದುವಿಗೆ ಒಮ್ಮೆಲೇ ಎಳೆದರೂ ಫಲ ಒಂದೇ. ಬೆರಳು ಸುತ್ತಿ ಹೊರಟಲ್ಲಿಗೇ ಬಂದರೆ ವಸ್ತುವೂ ಮೊದಲಿನ ನಿಲುವಿಗೇ ಬರುತ್ತದೆ.

ಆದರೆ ಚೀಟಿಯ ಪ್ರಶ್ನೆ? ಎರಡರಷ್ಟು ತಿರುಗಿದರೆ ಹಿಡಿದ ಬಿಂದು ಬೆರಳನ್ನು ಬಿಟ್ಟು ಮುಂದೆ ಓಡುತ್ತದೆ. ವಾಷರಿನ ಅಂಚನ್ನು ಹಿಡಿದು ತಿರುಗಿಸುವಾಗ ಅದು ಎದ್ದು ಕಾಣುತ್ತಿತ್ತು. ಕೋನವನ್ನು ಕಮಾನಿನಷ್ಟೇ ಇಟ್ಟೆ. ಬಿಂದು ಬೆರಳಿನ ಕೆಳಗೇ ನಿಂತಿತು, ಹೊಸ ತೊಂದರೆ ಬಂತು: ಬೆರಳಿನಿಂದ ಒಂದು ಸಣ್ಣ ವೃತ್ತ ಬರೆದು ಹೊರಟಲ್ಲಿಗೆ ಮರಳಿದರೆ, ಆ ಬಿಂದುವೇನೋ ಸ್ಥಳದಲ್ಲೇ ಇದೆ, ವಾಷರ್ ಮಾತ್ರ ಅದರ ಸುತ್ತ ತುಸು ತಿರುಚಿಕೊಂಡಿದೆ. ಪ್ರತಿ ವೃತ್ತಕ್ಕೂ ಇನ್ನಷ್ಟು. ಒಂದು ರಾತ್ರಿ ಪೂರ್ತಿ ಇದು ಲೆಕ್ಕದ ತಪ್ಪೆಂದು ಹುಡುಕಿದೆ. ತಪ್ಪಲ್ಲ, ಗೋಳದ ಗುಣವೇ ಅದು. ಪ್ರತಿ ಫ್ರೇಮಿನ ಸಣ್ಣ ತಿರುವನ್ನು ಹಿಂದಿನದರ ಮೇಲೆ ಪೇರಿಸುತ್ತಿದ್ದೆ. ಗೋಳದ ಮೇಲೆ ಹಾಗೆ ಪೇರಿಸಿದ ತಿರುವುಗಳು ಸುತ್ತು ಮುಗಿಸಿದಾಗ ಸೊನ್ನೆಗೆ ಬರುವುದಿಲ್ಲ. ಪೇರಿಸುವುದನ್ನು ಬಿಟ್ಟು, ಹಿಡಿದ ಕ್ಷಣದ ನಿಲುವು ಮತ್ತು ಹಿಡಿದ ಬಿಂದುವನ್ನು ಉಳಿಸಿಕೊಂಡು, ಪ್ರತಿ ಫ್ರೇಮಿನಲ್ಲೂ ಅಲ್ಲಿಂದಲೇ ಹೊಸದಾಗಿ ಎಣಿಸಿದೆ. ಬಿಂದು ಬೆರಳಿನಡಿಯಲ್ಲಿದೆ, ಮರಳಿದರೆ ನಿಲುವೂ ಮರಳುತ್ತದೆ. ಅಂದು ಮಲಗುವ ಮೊದಲು ವಾಷರನ್ನು ಎಷ್ಟು ಸಲ ತಿರುಗಿಸಿದೆನೋ ಲೆಕ್ಕವಿಲ್ಲ.

ಇನ್ನೊಂದು ಮಾತು: ತಿರುಗುವ ಭಾಗದ ಮೇಲಿರುವ ನೋಡಿಗೆ (ದೃಶ್ಯದಲ್ಲಿ ಭಾಗಗಳನ್ನು ಒಂದರ ಕೆಳಗೊಂದು ಸೇರಿಸುವ ಗಂಟು) ಎಂದೂ ಅಸಮ ಸ್ಕೇಲ್, ಅಂದರೆ ಒಂದೊಂದು ದಿಕ್ಕಿಗೆ ಒಂದೊಂದು ಅಳತೆ, ಕೊಡಬೇಡಿ. ವಾಷರನ್ನು ತೆಳ್ಳಗೆ ಮಾಡಲು ಒಂದು ನೋಡನ್ನು ಒಂದು ದಿಕ್ಕಿನಲ್ಲಿ ಮಾತ್ರ ಕುಗ್ಗಿಸಿ, ವಾಷರನ್ನು ಅದರ ಕೆಳಗೆ ಸೇರಿಸಿದೆ. ತಿರುಗಿಸಿದರೆ ಓರೆಯಾಗಿ ಜಗ್ಗಿದ ಚಪ್ಪಡಿಯಾಯಿತು. ಸ್ಥಾನ, ತಿರುವು, ಸ್ಕೇಲ್ ಎಂಬ ಮೂರು ಪೆಟ್ಟಿಗೆಗಳಲ್ಲಿ ಓರೆತನವನ್ನು ಇಡಲು ಜಾಗವೇ ಇಲ್ಲ. ಈಗ ಹಿಡಿಯುವ ನೋಡಿನ ಸ್ಕೇಲ್ ಸದಾ 1. ಆಕಾರದ ಬದಲಾವಣೆಯೆಲ್ಲ ಅದರ ಒಳಗಿನ, ತ್ರಿಕೋನಗಳಿಂದ ಹೆಣೆದ ಮೆಶ್‌ನಲ್ಲಿ.

ಕೂರಿಸುವುದು

ನಟ್ ಕಡ್ಡಿಯ ತುದಿಗೆ ಹತ್ತಿರ ಬಂದಾಗ ತಾನಾಗಿ ಕೂರಬೇಕು. ಅಂತರ 1 ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೂರಿಸು ಎಂದು ಬರೆದೆ. ಕೂತಿತು. ಆಮೇಲೆ ನಿಧಾನವಾಗಿ ಎಳೆದರೆ ಏಳಲೇ ಇಲ್ಲ. ಕೂರಿಸಿದ ಸ್ಥಾನಕ್ಕೇ ಪ್ರತಿ ಫ್ರೇಮಿನ ಚಿಕ್ಕ ಚಲನೆಯನ್ನು ಸೇರಿಸುತ್ತಿದ್ದೆ. ಆ ಚಲನೆ ಎಂದೂ 1 ಸೆಂಟಿಮೀಟರ್ ಮುಟ್ಟುತ್ತಿರಲಿಲ್ಲ, ಪ್ರತಿ ಬಾರಿಯೂ ನಟ್ ಮರಳಿ ಕೂರುತ್ತಿತ್ತು. ಎರಡು ಸ್ಥಾನಗಳನ್ನು ಬೇರೆ ಬೇರೆ ಇಡಬೇಕು: ಕೈ ಕೇಳಿದ ಸ್ಥಾನ ಒಂದು, ಕಣ್ಣಿಗೆ ತೋರಿಸುವ ಸ್ಥಾನ ಇನ್ನೊಂದು. ಸೆಳೆತ ತೋರಿಸುವುದನ್ನು ಮಾತ್ರ ಬದಲಿಸಬೇಕು. ಕೂರಲು 1 ಸೆಂಟಿಮೀಟರ್, ಏಳಲು 2 ಎಂದು ಗಡಿಗಳನ್ನೂ ಬೇರೆ ಮಾಡಿದೆ. ಗಡಿಯಲ್ಲಿ ನಡುಗುವುದು ನಿಂತಿತು.

ವಾಷರಿನ ವಿಷಯದಲ್ಲಿ ಒಂದು ನಿರ್ಧಾರ ಮಾಡಬೇಕಾಯಿತು. ಮೊದಲು ಅದು ಸರಿಯಾದ ದಿಕ್ಕಿನಲ್ಲಿದ್ದರೆ ಮಾತ್ರ ಕೂರುತ್ತಿತ್ತು. ಆ ಷರತ್ತನ್ನು ತೆಗೆದುಹಾಕಿದೆ. ನಿಜವಾದ ಪಂಪಿನಲ್ಲಿ ವಾಷರನ್ನು ತಲೆಕೆಳಗಾಗಿ ಹಾಕಲು ಬರುತ್ತದೆ, ಇಲ್ಲಿಯೂ ಬರಬೇಕು. ಕೊಳವೆಯ ತುದಿಗೆ ಒತ್ತಡ ತೋರಿಸುವ ಮುಳ್ಳೊಂದನ್ನು ಇಟ್ಟೆ. ವಾಷರಿನ ಬಟ್ಟಲಿನ ಬಾಯಿ ಗಾಳಿ ಹೋಗುವ ಕಡೆಗಿದ್ದರೆ ಮುಳ್ಳು ಏಳುತ್ತದೆ. ಇಲ್ಲವಾದರೆ ಎಷ್ಟು ಒತ್ತಿದರೂ ಏಳುವುದಿಲ್ಲ.

ಹೆಡ್‌ಸೆಟ್

ವಿಆರ್‌ನಲ್ಲಿ ಹಿಡಿಯುವ ಲೆಕ್ಕ ಪರದೆಗಿಂತ ಸರಳ. ಹಿಡಿದಾಗ ಕೈಯ ಮ್ಯಾಟ್ರಿಕ್ಸಿನ (ಸ್ಥಾನವನ್ನೂ ತಿರುವನ್ನೂ ಒಟ್ಟಿಗೆ ಹೇಳುವ ಸಂಖ್ಯೆಗಳ ಪಟ್ಟಿ) ವಿಲೋಮವನ್ನು ವಸ್ತುವಿನ ಮ್ಯಾಟ್ರಿಕ್ಸಿನಿಂದ ಗುಣಿಸಿ ಇಟ್ಟುಕೊಳ್ಳಿ. ಆಮೇಲೆ ಪ್ರತಿ ಫ್ರೇಮಿನಲ್ಲಿ ಕೈಯ ಮ್ಯಾಟ್ರಿಕ್ಸನ್ನು ಅದರಿಂದ ಗುಣಿಸಿ. ಕ್ರಮ ತಪ್ಪಿದರೆ ವಸ್ತು ಕೈ ಸುತ್ತ ಗ್ರಹದಂತೆ ಸುತ್ತುತ್ತದೆ.

ಕಷ್ಟ ಇದ್ದದ್ದು ನಡುಕದಲ್ಲಿ. ಬರಿಗೈಯನ್ನು ಕ್ಯಾಮೆರಾ ಗುರುತಿಸುವಾಗ ಬೆರಳ ತುದಿ ಸುಮ್ಮನಿದ್ದರೂ ಸಂಖ್ಯೆಗಳು ನಡುಗುತ್ತವೆ. ಸರಾಸರಿ ತೆಗೆದರೆ ನಡುಕ ಹೋಗುತ್ತದೆ, ವಸ್ತು ಕೈಗಿಂತ ಹಿಂದೆ ಬೀಳುತ್ತದೆ. 2012ರಲ್ಲಿ ಕಾಸಿಯೆ, ರೂಸೆಲ್ ಮತ್ತು ವೋಗೆಲ್ ಪ್ರಕಟಿಸಿದ ಒನ್ ಯೂರೋ ಫಿಲ್ಟರ್ ಇಲ್ಲಿ ಕೈಹಿಡಿಯಿತು. ಕೈ ನಿಧಾನವಿದ್ದಾಗ ಹೆಚ್ಚು ಸೋಸುತ್ತದೆ, ವೇಗವಾದಾಗ ಸೋಸುವುದನ್ನು ಸಡಿಲಿಸುತ್ತದೆ. ನಿಧಾನವಾಗಿ ಚಲಿಸುವಾಗ ನಡುಕ ಕಾಣುತ್ತದೆ, ವೇಗವಾಗಿ ಚಲಿಸುವಾಗ ತಡ ಕಾಣುತ್ತದೆ ಎಂಬ ಸರಿಯಾದ ಗ್ರಹಿಕೆ ಅದರ ಬೆನ್ನಿಗಿದೆ.

ದೂರದ ವಸ್ತು ತಲುಪಲು ಗೋ-ಗೋ ವಿಧಾನವನ್ನು ಪ್ರಯತ್ನಿಸಿದೆ; 1996ರಲ್ಲಿ ಪೊಪಿರೆವ್ ಮತ್ತು ಸಂಗಡಿಗರು ಕೊಟ್ಟದ್ದು. ಕೈ ಒಂದು ಗಡಿ ದಾಟಿದ ಮೇಲೆ ಒಳಗಿನ ಕೈ ವರ್ಗದ ಲೆಕ್ಕದಲ್ಲಿ ಉದ್ದವಾಗುತ್ತದೆ. ಗಡಿ 40 ಸೆಂಟಿಮೀಟರ್, ಗುಣಕ 1/6 ಇಟ್ಟೆ: ಕೈ 60ಕ್ಕೆ ಚಾಚಿದರೆ ಒಳಗಿನ ಕೈ 127ರ ಹತ್ತಿರ. ಅಲಮಾರಿಯಿಂದ ನಳಿಗೆ ತರಲು ಬಹಳ ಚೆಂದ. ಆದರೆ ಆ ದೂರದಲ್ಲಿ ಕೈ 1 ಮಿಲಿಮೀಟರ್ ಅಲುಗಿದರೆ ವಸ್ತು ಸುಮಾರು 8 ಮಿಲಿಮೀಟರ್ ಅಲುಗುತ್ತದೆ, ನಟ್ ಕೂರಿಸುವ ಕೆಲಸಕ್ಕೆ ಆಗದು. ಈಗ ತರಲು ಮಾತ್ರ ಗೋ-ಗೋ, ಜೋಡಣೆ ಮೈ ಹತ್ತಿರದಲ್ಲಿ ಒಂದಕ್ಕೊಂದರ ಲೆಕ್ಕದಲ್ಲಿ.

ಬಿಡುವಾಗಿನ ಜಾರಿಕೆ ಬಹಳ ಕಾಡಿತು. ಚಿವುಟಿ ಹಿಡಿದ ಬೆರಳುಗಳನ್ನು ಬಿಡಿಸುವ ಚಲನೆಯೇ ಕೈಯನ್ನು ಅಲುಗಿಸುತ್ತದೆ. ಸರಿಯಾಗಿ ಇಟ್ಟ ವಾಷರ್ ಬಿಟ್ಟ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯುತ್ತಿತ್ತು. ಕಳೆದ ಒಂಬತ್ತು ಫ್ರೇಮುಗಳ ಸ್ಥಾನವನ್ನು ಉಳಿಸಿಕೊಳ್ಳುತ್ತೇನೆ, ಸೆಕೆಂಡಿಗೆ 90 ಫ್ರೇಮಿನಲ್ಲಿ ಅದು 100 ಮಿಲಿಸೆಕೆಂಡ್. ಕೈ ನಿಧಾನವಾಗಿದ್ದರೆ ಬಿಟ್ಟಾಗ ಅತ್ಯಂತ ಹಳೆಯದನ್ನೇ ಅಂತಿಮ ಎಂದು ತೆಗೆದುಕೊಳ್ಳುತ್ತೇನೆ. ವೇಗವಾಗಿದ್ದರೆ ಎಸೆಯುತ್ತಿದ್ದಾರೆ ಎಂದರ್ಥ, ಆಗ ಮುಟ್ಟುವುದಿಲ್ಲ.

ಕೊನೆಗೆ ಗೋಡೆ. ಹಿಡಿದ ಕಡ್ಡಿ ನಳಿಗೆಯ ಗೋಡೆಯನ್ನು ತೂರಿ ಹೊರಬರುತ್ತಿತ್ತು, ಏಕೆಂದರೆ ನಿಜವಾದ ಕೈಯನ್ನು ತಡೆಯುವ ಗೋಡೆ ಯಾವುದೂ ಇಲ್ಲ. ವಸ್ತುವನ್ನು ಕೈಗೆ ಕಟ್ಟಿಹಾಕುವ ಬದಲು ನಡುವೆ ಒಂದು ಸ್ಪ್ರಿಂಗ್ ಇಟ್ಟೆ: ಸ್ಪ್ರಿಂಗ್ ಎಳೆಯುತ್ತದೆ, ಭೌತಲೆಕ್ಕ ತಡೆಯುತ್ತದೆ, ಎಳೆತಕ್ಕೆ ಒಂದು ಮಿತಿ ಇದೆ. ಈಗ ಕಡ್ಡಿ ಗೋಡೆಗೆ ತಾಗಿ ನಿಲ್ಲುತ್ತದೆ, ಕೈ ಮಾತ್ರ ಮುಂದೆ ಹೋಗುತ್ತದೆ. ಇಲ್ಲಿ ಒಪ್ಪಂದವನ್ನು ನಾನೇ ಮುರಿದೆ. ಮುರಿದದ್ದನ್ನು ಮುಚ್ಚಿಡಬಾರದು ಅನ್ನಿಸಿತು. ಹಿಡಿದ ಬಿಂದುವಿನಿಂದ ಬೆರಳಿಗೆ ತೆಳ್ಳನೆಯ ಎಳೆಯೊಂದನ್ನು ಎಳೆದೆ. ಅಂತರ ಹೆಚ್ಚಿದಂತೆ ಅದು ಕೆಂಪಾಗುತ್ತದೆ. ನೋಡಿದವರು ಕೇಳದೆಯೇ ಕೈಯನ್ನು ಹಿಂದಕ್ಕೆ ತರುತ್ತಾರೆ.

ಕಳೆದ ವಾರ ಅಕ್ಕನ ಮಗಳು ಹೆಡ್‌ಸೆಟ್ ಹಾಕಿಕೊಂಡು ಪೂರ್ತಿ ಬಿಚ್ಚಿದಳು, ಪೂರ್ತಿ ಜೋಡಿಸಿದಳು. ಹಿಡಿಕೆ ಒತ್ತಿದಳು. ಮುಳ್ಳು ಏಳಲಿಲ್ಲ. ಇನ್ನೊಮ್ಮೆ ಒತ್ತಿದಳು. ನಾನು ಏನೂ ಹೇಳಲಿಲ್ಲ. ಮುಚ್ಚಳ ತೆಗೆದು ಕಡ್ಡಿ ಹೊರಗೆಳೆದು, ನಟ್ ಬಿಚ್ಚಿ, ವಾಷರಿನ ಅಂಚನ್ನು ಹಿಡಿದು ಕಣ್ಣಿನ ಹತ್ತಿರ ತಂದು ಒಳಗೆ ಹೊರಗೆ ತಿರುಗಿಸಿ ನೋಡಿದಳು.

"ಇದರ ಬಾಯಿ ಆ ಕಡೆ ಇರಬೇಕು" ಎಂದು ತನ್ನಷ್ಟಕ್ಕೇ ಹೇಳಿಕೊಂಡು ಮಗುಚಿ ಹಾಕಿದಳು.

ಎರಡು ಕೈಯಿಂದ ಒಂದೇ ಭಾಗವನ್ನು ಹಿಡಿಯುವುದು ಇನ್ನೂ ಆಗಿಲ್ಲ. ನಳಿಗೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಮುಚ್ಚಳ ತಿರುವುವುದು ಆಗುತ್ತದೆ. ಉದ್ದನೆಯ ಕಡ್ಡಿಯ ಎರಡು ತುದಿಗಳನ್ನು ಎರಡು ಕೈ ಹಿಡಿದರೆ ಯಾವ ಕೈಯ ಮಾತು ಕೇಳಬೇಕು ಎಂಬುದನ್ನು ಈ ಶನಿವಾರದಿಂದ ನೋಡಬೇಕು.